ಗೊಂಬೆ ಮೆಟ್ಟಿಲ ಮೇಲೊಂದು ಮರ

ನವರಾತ್ರಿ ಬಂತೆಂದರೆ ಗೊಂಬೆ ಕೂರಿಸುವವರಿಗೆಲ್ಲ ಒಂದೇ ತಲೆನೋವು, ಈ ಸಲ ಹೊಸದೇನು ಇಡುವುದು? ತಮಿಳು ಸೀಮೆಯ ಕೀಲ್ಪಾಕಿನಲ್ಲಿ ನೆಲೆಸಿದ ಅಂಬುಜಾಗೂ ಅದೇ ಚಿಂತೆ. ಮೈಸೂರಿನಿಂದ ತಂದ ಪಟ್ಟದ ಗೊಂಬೆಗಳನ್ನು ಎಲ್ಲರೂ ನೋಡಿ ಆಗಿತ್ತು. ಹಿಂದಿನ ಹುಣ್ಣಿಮೆಗೆ ತಿರುವಕ್ಕರೈ ಕಾಳಿಯಮ್ಮನ ದರ್ಶನಕ್ಕೆ ಹೋದಾಗ, ಹತ್ತಿರದ ಕಲ್ಲುಮರಗಳ ಬಯಲಿನಿಂದ ತೆಂಗಿನಕಾಯಿ ಗಾತ್ರದ ಒಂದು ತುಂಡನ್ನು, ಕಾವಲುಗಾರನ ಕಣ್ಣು ತಪ್ಪಿಸಿ, ಪೂಜೆಯ ಬುಟ್ಟಿಗೆ ಹಾಕಿಕೊಂಡು ಬಂದಳು. ಕೆಳಗಿನ ಮೆಟ್ಟಿಲಲ್ಲಿ ಅದು ಮುರುಗನ ಬೆಟ್ಟವಾಯಿತು. ಅರಿಶಿನ ಕುಂಕುಮಕ್ಕೆ ಬಂದ ನಾಲ್ವರು ತಮಗೂ ಒಂದೊಂದು ಬೇಕೆಂದರು. ಮುಂದಿನ ಹುಣ್ಣಿಮೆಗೆ ತರುತ್ತೇನೆಂದು ಈ ಮಹಾತಾಯಿ ಒಪ್ಪಿಯೂ ಬಿಟ್ಟಳು.

ಐದನೆಯ ದಿನ ಎದುರುಮನೆಯ ಜಲಜಾಕ್ಷಿ ಬಂದರು. ಭೂವಿಜ್ಞಾನ ಇಲಾಖೆಯಲ್ಲಿ ಕಲ್ಲನ್ನು ತೆಳ್ಳಗೆ ಸೀಳಿ ಪರೀಕ್ಷೆಗೆ ಸಿದ್ಧಮಾಡುವ ಕೆಲಸದಲ್ಲಿದ್ದು ನಿವೃತ್ತರಾದವರು. ಗೊಂಬೆಗಳನ್ನೆಲ್ಲ ಬಿಟ್ಟು ಆ ಕಲ್ಲಿನ ಮುಂದೆಯೇ ಕೂತರು. ಎಲ್ಲಿಂದ ಬಂತೆಂದು ತಿಳಿದಾಗ ಅವರ ಮುಖ ಸಣ್ಣಗಾಯಿತು.

"ಅಲ್ಲಿ ರಾಶಿ ಬಿದ್ದಿದೆ ಜಲಜಕ್ಕ, ಒಂದು ತಂದ್ರೆ ಏನು ಕಮ್ಮಿಯಾಗತ್ತೆ?" ಎಂದಳು ಅಂಬುಜಾ.

ಜಲಜಾಕ್ಷಿ ವಾದಕ್ಕಿಳಿಯಲಿಲ್ಲ. ಮೊಬೈಲಿನ ಟಾರ್ಚ್ ಹಾಕಿ ಬಗ್ಗಿ ನೋಡು ಎಂದರು. ಕಲ್ಲಿನೊಳಗೆ ಕೂದಲೆಳೆಯಂಥ ಗೆರೆಗಳು, ಪಕ್ಕದಲ್ಲಿ ಕೊಂಬೆ ಒಡೆದಿದ್ದ ಗಂಟು. ಇದು ಎರಡು ಕೋಟಿ ವರ್ಷದ ಹಿಂದಿನ ಮರ. ಹೊಳೆ ಹೊತ್ತು ತಂದದ್ದು ಮರಳಲ್ಲಿ ಹೂತುಹೋಗಿ, ಕಣಕಣವೂ ಕಲ್ಲಾಗಿದೆ.

"ಆಗ ಮನುಷ್ಯರೇ ಇರಲಿಲ್ಲ ಅಂಬುಜಾ. ಈ ಮರದ ನೆರಳಲ್ಲಿ ನಮ್ಮೋರು ಒಬ್ಬರೂ ಕೂತಿಲ್ಲ."

ಅಷ್ಟು ದಿನ ಧೂಳು ಒರೆಸಿದ ಕಲ್ಲನ್ನು ಮುಟ್ಟಲೇ ಅಂಬುಜಾಗೆ ಈಗ ಭಯವಾಯಿತು.

ಹಿಂದೆಲ್ಲ ಹೋದವರು ಬಂದವರು ತುಂಡು ತುಂಡಾಗಿ ಎತ್ತಿಕೊಂಡು ಹೋಗುತ್ತಿದ್ದರಂತೆ. ಉಳಿದದ್ದಾದರೂ ಉಳಿಯಲಿ ಎಂದು ಸರ್ಕಾರ ಆ ಬಯಲನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಸಾರಿತು, ಬೇಲಿ ಹಾಕಿ ಕಾವಲಿಟ್ಟಿತು. "ನೀನು ತಂದಿದ್ದು ಒಂದೇ, ನಿಜ. ಆಗಲೇ ನಾಲ್ಕು ಜನ ಕೇಳಿದಾರಲ್ಲ?" ಎಂದರು ಜಲಜಾಕ್ಷಿ.

ಕೂರಿಸಿದ್ದನ್ನು ದಶಮಿಗೆ ಮೊದಲು ಕದಲಿಸುವಂತಿಲ್ಲ. ಉಳಿದ ದಿನಗಳಲ್ಲಿ ಬಂದವರಿಗೆಲ್ಲ ಅಂಬುಜಾ ಟಾರ್ಚ್ ಹಾಕಿ ತೋರಿಸಿದಳು, ತಪ್ಪನ್ನೂ ಒಪ್ಪಿಕೊಂಡಳು, ಕಲ್ಲು ಕೇಳಿದ ನಾಲ್ವರಿಗೂ ಇಲ್ಲವೆಂದಳು. ದಂಡ ಹಾಕಿದರೆ ಗತಿಯೇನು, ಯಾವುದಾದರೂ ಪಾರ್ಕಿನಲ್ಲಿ ಬಿಟ್ಟು ಬಾ ಎಂದು ಗಂಡ ಭೋಜರಾಜ ಗೊಣಗಿದರು. ಅವಳು ಜಗ್ಗಲಿಲ್ಲ. ಸೀಗೆ ಹುಣ್ಣಿಮೆಯ ದಿನ ಕಲ್ಲನ್ನು ಅದೇ ಬುಟ್ಟಿಯಲ್ಲಿಟ್ಟುಕೊಂಡು, ಗಂಡನನ್ನೂ ಕರೆದುಕೊಂಡೇ ತಿರುವಕ್ಕರೈಗೆ ಹೋದಳು.

ಕಾವಲುಗಾರ ಬೈಯಲಿಲ್ಲ. ಎಲ್ಲಿಂದ ಎತ್ತಿದಿರಮ್ಮ ಎಂದು ತಮಿಳಿನಲ್ಲಿ ಅಷ್ಟೇ ಕೇಳಿದ. ಅಂಬುಜಾ ಬಯಲುದ್ದಕ್ಕೂ ಕಣ್ಣಾಡಿಸಿದಳು. ಆನೆಗಳು ಮಲಗಿದಂತೆ ದೊಡ್ಡ ದೊಡ್ಡ ದಿಮ್ಮಿಗಳು. ಇದು ಯಾವುದರ ಚೂರು, ಎಲ್ಲಿ ಬಿದ್ದಿತ್ತು? ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ. ಎರಡು ಕೋಟಿ ವರ್ಷದ ಮರದ ವಿಳಾಸವನ್ನು ತಾನು ಕಳೆದುಹಾಕಿದೆನಲ್ಲ ಎಂದು ಅವಳು ಅಲ್ಲೇ ಅತ್ತಳು. ಜಾಗ ತಿಳಿಯದ ಕಲ್ಲು ಕಾವಲು ಕೋಣೆಯ ಮೂಲೆ ಸೇರಿತು.

ಅಕ್ಕಂದಿರೇ, ಅಣ್ಣಂದಿರೇ, ಇಂಥ ಜಾಗಗಳಿಗೆ ನೀವೂ ಹೋಗಿ. ಮಕ್ಕಳನ್ನು ಕರೆದೊಯ್ದು ತೋರಿಸಿ, ಬೆರಗಾಗಿ ನಿಲ್ಲಿ. ಚೂರನ್ನೂ ಎತ್ತಬೇಡಿ. ಆಗಲೇ ಮನೆಯಲ್ಲಿ ಒಂದಿದ್ದರೆ, ಎತ್ತಿದ ಜಾಗ ಮರೆತುಹೋಗುವ ಮುಂಚೆ ಹಿಂದಿರುಗಿಸಿ.