ಅಟ್ಟಣೆ ಕಂಬದ ಸುಣ್ಣ

ಚಿಕ್ಕಮಲ್ಲಪ್ಪನ ಅಟ್ಟಣೆಯ ಕಂಬಕ್ಕೆ ಯಾರೋ ಸುಣ್ಣದ ಬೆರಳು ಒರೆಸಿದ್ದರು. ಮಧ್ಯಾಹ್ನದ ಮೇಲೆ ಅವನು ನೋಡಿದಾಗ ಇನ್ನೂ ಹಸಿ ಆರಿರಲಿಲ್ಲ.

ಗುಂಡ್ಲುಪೇಟೆ ಕಡೆಯ ಮದ್ದೂರಿನ ಕಾಡಂಚಿನ ಆ ಮುಸುಕಿನ ಜೋಳದ ಹೊಲದಲ್ಲಿ ರಾತ್ರಿ ಅಟ್ಟಣೆ ಹತ್ತಿ ಹಂದಿ ಬೀಳದಂತೆ ಕಾಯುವವರು ಇಬ್ಬರೇ. ಒಂದು ದಿನ ಅವನು, ಮರುದಿನ ಪಕ್ಕದ ಹೊಲದ ಶಿವಸ್ವಾಮಿ; ಒಬ್ಬ ಕೂತರೆ ಎರಡೂ ಹೊಲ ಕಾಯುತ್ತಿದ್ದ. ಬೆಳಿಗ್ಗೆ ಚಿಕ್ಕಮಲ್ಲಪ್ಪ ಇಳಿದಾಗ ಕಂಬ ಚೊಕ್ಕವಾಗಿತ್ತು. ಅವನು ಎಲೆಯಡಿಕೆ ಮುಟ್ಟುವವನಲ್ಲ. ಮನೆಯ ಹೆಂಗಸರು ಹತ್ತುವ ಮಾತೇ ಇಲ್ಲ. ಹೆಂಗಸು ಅಟ್ಟಣೆ ಹತ್ತಿದರೆ ತೆನೆ ಕಾಳು ಕಟ್ಟುವುದಿಲ್ಲ ಎಂದು ಅವನ ಅಪ್ಪನ ಕಾಲದಿಂದ ಬಂದ ಕಟ್ಟುಪಾಡು. ಅಂದಮೇಲೆ ಶಿವಸ್ವಾಮಿಯೇ. ಹಗಲು ಹೊತ್ತು ಅವನಿಗೆ ಮೇಲೇನು ಕೆಲಸ? ಅಟ್ಟಣೆ ಕಟ್ಟಿದ ಹೊಂಗೆಮರ ಎರಡು ಹೊಲದ ನಡುವಿನ ಬದುವಿನ ಮೇಲಿತ್ತು. ಹತ್ತಿ ಕೂತು ಕೂತು ಕೊನೆಗೆ ಮರವೇ ನಂದು ಅಂದುಬಿಟ್ಟರೆ?

ಸಂಜೆ ಮಗಳು ಕಾವ್ಯಶ್ರೀ ಗುಂಡ್ಲುಪೇಟೆಯ ಕಾಲೇಜಿನಿಂದ ಬಂದವಳೇ, "ಏನವ್ವ, ಇವತ್ತೂ ಪರ್ಚ್ ಆದ್ಯಾ?" ಎಂದಳು. ಹೆಂಡತಿ ಪುಟ್ಟಬಸಮ್ಮ ಸೆರಗು ಬಾಯಿಗಿಟ್ಟು ನಕ್ಕಳು.

"ಏನಮ್ಮಿ ಅದು ಪರ್ಚು?"

"ಇಂಗ್ಲಿಷ್ ಕಣಪ್ಪ. ಎತ್ತರದಲ್ಲಿ ಓಗಿ ಕೂತ್ಕಳದು, ಹಕ್ಕಿ ಕೂತ್ಕಳಂಗೆ."

"ನಿಮ್ಮವ್ವ ಎಲ್ಲಿ ಕೂತಿದ್ಲು?"

"ಜಗಲಿ ಮ್ಯಾಲೆ," ಎಂದು ಮಗಳು ಒಳಗೆ ಓಡಿದಳು.

ಜಗಲಿ ಮೊಣಕಾಲೆತ್ತರ. ಅದರಲ್ಲಿ ನಗುವಂಥದ್ದೇನು? ಚಿಕ್ಕಮಲ್ಲಪ್ಪನಿಗೆ ಅನ್ನ ರುಚಿಸಲಿಲ್ಲ.

ಮರುದಿನ ಬೆಳಿಗ್ಗೆ ಶಿವಸ್ವಾಮಿ ಅಟ್ಟಣೆಯಿಂದ ಇಳಿಯುತ್ತಿದ್ದಂತೆಯೇ ಚಿಕ್ಕಮಲ್ಲಪ್ಪ ಅವನನ್ನು ಹಿಡಿದ. "ಹಗಲೊತ್ತು ಮ್ಯಾಲೆ ಪರ್ಚ್ ಆಗಿ ಏನ್ಲಾ ಮಾಡಿಯೇ?"

"ಬೈಯದಾದ್ರೆ ಕನ್ನಡದಲ್ಲಿ ಬೈರಿ ಮಲ್ಲಪ್ಪಾರೆ."

"ಸುಣ್ಣ ಬಳ್ದು ಗುರುತು ಆಕ್ತಿದ್ದೀಯ! ಮರ ಹೊಡ್ಕಳಕ್ಕಾ?"

ಶಿವಸ್ವಾಮಿ ಸುಣ್ಣ ನೋಡಿದ. ಏನೋ ಹೇಳಲು ಬಂದವನು ನುಂಗಿಕೊಂಡ. "ಹಲ್ಲು ನೋವಂತ ನಾನು ಎಲೆ ಬುಟ್ಟು ಯುಗಾದಿಗೇ ಆಯ್ತು."

"ಹಂಗಾದ್ರೆ ಇನ್ಯಾರು?"

"ನನ್ನ ಕೇಳ್ಬ್ಯಾಡಿ. ಕಳ್ಳ ಅಂದ್ಮ್ಯಾಲೆ ಕಳ್ಳನ ಕೈಲಿ ಯಾಕೆ ಕಾಯಿಸ್ತೀರಿ? ಇವತ್ತಿಂದ ನಿಮ್ ಜೋಳ ನೀವೇ ಕಾಯ್ಕಳಿ, ನಂದು ನಾನು ಕಾಯ್ತೀನಿ." ಕಂಬಳಿ ಹೆಗಲಿಗೇರಿಸಿಕೊಂಡು ಹೊರಟೇಬಿಟ್ಟ.

ತೆನೆ ಬಲಿತ ಕಾಲ. ಒಬ್ಬನೇ ಎಷ್ಟು ರಾತ್ರಿ ಎಚ್ಚರವಿದ್ದಾನು? ಒಮ್ಮೆ ಕಣ್ಣು ಹತ್ತಿದರೆ ಸಾಕು, ಹಂದಿ ಹೊಲ ಮಲಗಿಸುತ್ತದೆ. ಆದರೂ ಸಿಟ್ಟು ಇಳಿಯಲಿಲ್ಲ. ಪೇಟೆಗೆ ಹೋಗುತ್ತೇನೆಂದು ಮನೆಯಲ್ಲಿ ಹೇಳಿ, ಸುತ್ತಿ ಬಂದು ಲಂಟಾನದ ಪೊದೆಯ ಹಿಂದೆ ಕೂತ. ಇವತ್ತು ಕೈಗೆ ಸಿಗಲಿ, ಕಾಲು ಮುರೀತೀನಿ.

ಮಧ್ಯಾಹ್ನ ಬಂದವಳು ಪುಟ್ಟಬಸಮ್ಮ. ಸೀರೆ ಎತ್ತಿ ಕಟ್ಟಿ, ಸಡಿಲ ಮೆಟ್ಟಿಲು ಬಿಟ್ಟು ಮೇಲಿನದಕ್ಕೆ ಕಾಲಿಟ್ಟು ಸರಸರ ಏಣಿ ಹತ್ತಿದಳು. ಅಟ್ಟಣೆಯ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತು ಎಲೆ ಮಡಿಸಿದಳು. ಬೆರಳನ್ನು ಕಂಬಕ್ಕೆ ಒರೆಸಿದಳು. ಆಮೇಲೆ ಗೋಪಾಲಸ್ವಾಮಿ ಬೆಟ್ಟದ ಕಡೆ ಮುಖ ಮಾಡಿ ಸುಮ್ಮನೆ ಕೂತಳು. ಮದುವೆಯಾದಾಗಿನಿಂದ ಅವಳು ಸುಮ್ಮನೆ ಕೂತದ್ದನ್ನು ಅವನು ಕಂಡಿರಲಿಲ್ಲ.

ಕೂಗಲು ಬಾಯಿ ತೆರೆದ. ಕಣ್ಣೆದುರಿಗೇ ಒಂದು ತೆನೆ ಸಿಪ್ಪೆ ಬಿರಿದು ನಿಂತಿತ್ತು, ಒತ್ತೊತ್ತಾಗಿ ಕಾಳು. ಪಕ್ಕದ್ದೂ ಹಾಗೇ. ಬಾಯಿ ಮುಚ್ಚಿಕೊಂಡ.

ಸಂಜೆ ಶಿವಸ್ವಾಮಿಯ ಮನೆ ಮುಂದೆ ಹೋಗಿ ನಿಂತ. "ತಪ್ಪಾಯ್ತು ಕಣ್ಲಾ. ನೀನಲ್ಲ."

"ಮತ್ಯಾರು?"

"ಯಾವ್ದೋ ಹಕ್ಕಿ."

"ಎಲೆ ಆಕೋ ಹಕ್ಕಿ?" ಶಿವಸ್ವಾಮಿ ನಗು ತಡೆಯಲಿಲ್ಲ. "ನಂಗೊತ್ತಿತ್ತು. ಹೇಳಿದ್ರೆ ನೀವು ಏಣಿನೇ ಕಡ್ದಾಕ್ತಿದ್ರಿ."

"ಇವತ್ತು ನಾನು ಕಾಯ್ತೀನಿ. ನಾಳೆ ಬತ್ತೀಯೇನ್ಲಾ?"

"ಏಣಿ ಹಂಗೇ ಇದ್ರೆ ಬತ್ತೀನಿ."

ಕತ್ತಲಾಗುವ ಮುಂಚೆ ಚಿಕ್ಕಮಲ್ಲಪ್ಪ ಸಡಿಲ ಮೆಟ್ಟಿಲಿಗೆ ಹೊಸ ಹಗ್ಗ ಬಿಗಿಯುತ್ತಿದ್ದ. ಬುತ್ತಿ ತಂದ ಪುಟ್ಟಬಸಮ್ಮ ಹಗ್ಗ ನೋಡಿದಳು, ಗಂಡನನ್ನು ನೋಡಿದಳು.

"ಇಷ್ಟು ದಿನ ಇಲ್ದಿದ್ದು ಇವತ್ಯಾಕೆ?"

"ನಾನು ಹತ್ತಕ್ಕೇ ಕಣ," ಎಂದು ಗುಡುಗಿದ. ಅವಳು ತಿರುಗಿ ಹೊರಟಾಗ ಭುಜ ಕುಲುಕುತ್ತಿತ್ತು. ನಗುತ್ತಿದ್ದಳೋ, ಬರೀ ನಡಿಗೆಯೋ, ಅವನಿಗೆ ಗುಮಾನಿ.