ಮೇಸ್ತ್ರಿಯ ಹೆಂಡತಿಯ ಕಾಲು

ಹಾಕಿದ ಕಾಂಕ್ರೀಟ್ ಗಟ್ಟಿಯಾಗುವ ತನಕ ಅದರ ಮೇಲೆ ಯಾರೂ ಕಾಲಿಡಬಾರದು. ಈ ಒಂದು ವಿಷಯದಲ್ಲಿ ಮೇಸ್ತ್ರಿ ಯಾರ ಮಾತನ್ನೂ ಕೇಳಿದವನಲ್ಲ. ಮನೆ ಕಟ್ಟಿಸುವವರು ಬಂದು ಎಷ್ಟೇ ತಲೆ ತಿಂದರೂ ಅವಧಿಗೆ ಮುಂಚೆ ಅಡಿಯಲ್ಲಿ ಆಧಾರಕ್ಕೆ ಕೊಟ್ಟ ಸೆಂಟ್ರಿಂಗ್ ಹಲಗೆ ಬಿಚ್ಚುತ್ತಿರಲಿಲ್ಲ. ಅವನು ಹಾಕಿದ ಒಂದು ತಾರಸಿಯೂ ಬಿರುಕು ಬಿಟ್ಟಿರಲಿಲ್ಲ. ಆ ಜಂಬ ಪುಣ್ಯಾತ್ಮನಿಗೆ ಇದ್ದೇ ಇತ್ತು.

ಹೆಂಡತಿ ಮೆಟ್ಟಿಲಿನಿಂದ ಜಾರಿ ತೊಡೆಯ ಮೂಳೆ ಮುರಿದುಕೊಂಡಾಗ ಡಾಕ್ಟರಮ್ಮ ಒಳಗೆ ಸರಳು ಹಾಕಿ ಕೂಡಿಸಿದರು. ಮೂಳೆಯೆಂದರೆ ಸುಣ್ಣದಂಥ ಗಟ್ಟಿ ಪದಾರ್ಥ, ಅದರೊಳಗೆ ಎಳೆ ಎಳೆಯಾದ ನಾರು ಎಂದು ವಿವರಿಸಿದರು. ಮೇಸ್ತ್ರಿಗೆ ಹೋದ ಜೀವ ಬಂದಂತಾಯಿತು. ಸಿಮೆಂಟು, ಕಂಬಿ! ಇದು ತನ್ನ ಕಸುಬೇ. ಬೇಗ ಎಬ್ಬಿಸಿ ನಡೆಸಿ ಎಂದು ಅವರು ಹೇಳಿದ್ದನ್ನು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟ. ಆಸ್ಪತ್ರೆಯವರಿಗೆ ಮಂಚ ಖಾಲಿಯಾದರೆ ಸಾಕು, ಅಷ್ಟೇ ತಾನೆ?

ಮನೆಯಲ್ಲಿ ಅಡುಗೆ, ಅವಳ ಸ್ನಾನ, ತಲೆ ಬಾಚುವುದು ಎಲ್ಲ ಅವನದೇ. ಬಚ್ಚಲಿಗೂ ಎತ್ತಿಕೊಂಡೇ ಹೋದ.

"ರೀ, ಬಾಗಿಲ ತನಕ ನಡೀತೀನಿ. ಹೀಗೇ ಬಿದ್ಕೊಂಡಿದ್ರೆ ಕಾಲಿರೋದೇ ಮರ್ತುಹೋಗುತ್ತೆ."

"ಸುಮ್ನೆ ಮಲ್ಕೊಳೇ. ಹಸಿ ತಾರಸಿ ಮೇಲೆ ಯಾರಾದ್ರೂ ಓಡಾಡ್ತಾರಾ?"

ಅವಳು ನಕ್ಕಳು. ತಿಂಗಳುಗಳು ಉರುಳಿದವು. ಒಂದು ಮಧ್ಯಾಹ್ನ ಅವನು ಕೆಲಸಕ್ಕೆ ಹೋಗಿದ್ದಾಗ ಅವಳು ತಾನಾಗಿ ಎದ್ದಳು. ಕಿಟಕಿ ಮುಟ್ಟುವ ಮೊದಲೇ ಇನ್ನೊಂದು ಕಾಲು, ಪೆಟ್ಟೇ ಬೀಳದಿದ್ದ ಕಾಲು, ಸೊಂಟದ ಹತ್ತಿರ ಮುರಿಯಿತು.

ಡಾಕ್ಟರಮ್ಮ ಎಕ್ಸ್‌ರೇ ಬೆಳಕಿಗೆ ಹಿಡಿದರು. ಮೂಳೆಯೊಳಗಿನ ಜಾಲರಿ ಗೆದ್ದಲು ತಿಂದ ಹಲಗೆಯ ಹಾಗಿತ್ತು.

"ಮೂಳೆ ಒಂದು ಸಲ ಹಾಕಿ ಬಿಡೋ ಕಾಂಕ್ರೀಟ್ ಅಲ್ಲ ಮೇಸ್ತ್ರಿ, ಅದಕ್ಕೆ ಜೀವ ಇದೆ. ದಿನಾ ಸ್ವಲ್ಪ ಕೆಡವಿಕೊಳ್ಳುತ್ತೆ, ದಿನಾ ಸ್ವಲ್ಪ ಕಟ್ಟಿಕೊಳ್ಳುತ್ತೆ. ಮೇಲೆ ಭಾರ ಬಿದ್ರೇನೇ ಕಟ್ಟೋದು. ಇವರು ನಡೀಲೇ ಇಲ್ಲ, ಬರೀ ಕೆಡವಿಕೊಂಡೇ ಹೋಯ್ತು." ಆಮೇಲೆ ದನಿ ತಗ್ಗಿಸಿ, "ಇನ್ನು ನಡೆಯೋದು ಅನುಮಾನ" ಎಂದರು.

ಮೇಸ್ತ್ರಿ ಗೋಡೆ ಹಿಡಿದುಕೊಂಡ. ತನ್ನ ಕೈಯಾರೆ, ಅಷ್ಟು ಅಕ್ಕರೆಯಿಂದ, ಅವಳನ್ನು ಒಳಗಿಂದೊಳಗೇ ಕೆಡವಿದ್ದ.

ವಾರ್ಡಿಗೆ ಬಂದರೆ ಅವಳು ಅವನ ಮುಖ ನೋಡಿ ಅಳತೊಡಗಿದಳು.

"ತಪ್ಪಾಯ್ತು ರೀ. ನಿಮ್ಮ ಮಾತು ಮೀರಿ ಎದ್ದುಬಿಟ್ಟೆ."

"ಹಾಗಲ್ಲ ಕಣೇ..." ಅವನು ಮಂಚದ ಅಂಚಿನಲ್ಲಿ ಕೂತ.

ಅವಳು ಅವನ ಒರಟು ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. "ಬೈಬೇಡಿ. ಈ ಸಲ ನೀವು ಏಳು ಅನ್ನೋ ತನಕ ಏಳೋದಿಲ್ಲ."