ಕೀಯೊಳಗಿನ ನೀರು

ಮೋಹನ್‌ಕುಮಾರ್ ಕಾರಿನ ಕೀಯನ್ನು ಎರಡು ಹೋಳಾಗಿ ಬಿಡಿಸಿ, ಒಳಗಿನ ಶೆಲ್ಲನ್ನು ಸ್ಕ್ರೂಡ್ರೈವರ್ ತುದಿಯಿಂದ ಮೀಟಿ ಅಂಗೈಗೆ ಬೀಳಿಸಿಕೊಂಡ. ಬಿಲ್ಲೆಯಂಥ ಚಪ್ಪಟೆ ಶೆಲ್ಲು. ಅಂಚಿಗೆ ಹಸಿರು ಕಿಲುಬು ಹಿಡಿದಿತ್ತು.

“ಎಲ್ಡು ತಿಂಗ್ಳಲ್ಲಿ ಇದು ಮೂರನೇದು ಕಣ್ಲಾ ಕೀರ್ತಿ. ಜೇಬಲ್ಲಿಟ್ಕಂಡು ಕೆರೇಲಿ ಈಜಾಡ್ತೀಯಾ?”

“ನನ್ ಜೇಬಲ್ಲಿ ಎಲ್ಲಿರ್ತದೆ? ಗಾಡಿ ನಿಲ್ಸಿದೇಟ್ಗೆ ಗೌಡ್ರ ಜಗಲಿ ಮ್ಯಾಲೆ ಮಡಗ್ತೀನಿ.”

ಚನ್ನರಾಯಪಟ್ಟಣದ ಬಸ್‌ಸ್ಟ್ಯಾಂಡಿನ ಹಿಂದೆ ಮೋಹನನದು ವಾಚು, ರಿಮೋಟು ರಿಪೇರಿಯ ಪುಟ್ಟ ಅಂಗಡಿ. ಇಬ್ಬರೂ ಒಂದೇ ಹಾಸ್ಟೆಲಿನಲ್ಲಿ ಹೈಸ್ಕೂಲು ಮುಗಿಸಿದವರು. ಮೋಹನ ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ಕಿಲುಬು ಕೆರೆದು, ಹೊಸ ಶೆಲ್ಲು ಕೂರಿಸಿ ಗುಂಡಿ ಒತ್ತಿದ. ಹೊರಗೆ ನಿಂತಿದ್ದ ಕಾರು ಕಣ್ಣು ಮಿಟುಕಿಸಿತು.

“ಬೋರ್ಡು ಅರ್ಧ ಸತ್ತೋಗದೆ. ಇನ್ನೊಂದ್ ಸಲ ನೀರು ಕುಡುದ್ರೆ ಯಾವ ಶೆಲ್ ಆಕುದ್ರೂ ಏಳಕಿಲ್ಲ. ಯಾರ್ಲಾ ಇದಕ್ಕೆ ನೀರುಯ್ಯದು?”

ಯಾರೆಂದು ಕೀರ್ತಿರಾಜನಿಗೆ ಗೊತ್ತಿತ್ತು. ಬಾಗೂರಿನ ರಾಮಣ್ಣನವರ ಕಾರಿಗೆ ಅವನು ಡ್ರೈವರಾಗಿ ಒಂದೂವರೆ ವರ್ಷ. ರಾಮಣ್ಣನವರ ಎರಡು ಕಿಡ್ನಿಯೂ ಕೆಟ್ಟಿದ್ದವು. ಮಂಗಳವಾರ, ಶುಕ್ರವಾರ ಹಾಸನಕ್ಕೆ ಕರೆದೊಯ್ದು ಡಯಾಲಿಸಿಸ್ ಮಾಡಿಸಿಕೊಂಡು ಬರಬೇಕು. ದಿನಾ ಸಂಜೆ ಕೀಯನ್ನು ಜಗಲಿಯ ಕಲ್ಲಿನ ಮೇಲಿಡುತ್ತಾನೆ. ರಾಮಣ್ಣನವರ ಹೆಂಡತಿ ದೊಡ್ಡತಾಯಮ್ಮ ಅದರ ಮೇಲೆ ಒಂದು ಚೊಂಬು ನೀರು ಸುರಿದು, ಸೆರಗಿನಲ್ಲಿ ಒರೆಸಿ ಒಳಗೆ ಒಯ್ಯುತ್ತಾರೆ. ಅವನು ಓಡಿಸುವ ಕಾರಿನಲ್ಲಿ ಕೂರಲು ಅವರಿಗೆ ಅಡ್ಡಿಯಿಲ್ಲ. ಆದರೆ ಕಾರು ಹೊರಗೆ ನಿಲ್ಲುತ್ತದೆ, ಕೀ ದೇವರ ಪಟದ ಪಕ್ಕದ ಮೊಳೆಯಲ್ಲಿ ನೇತಾಡುತ್ತದೆ. ಅವರ ಲೆಕ್ಕ ಅಷ್ಟೇ.

ಜೋಡಿ ಕೀ ದೀಪಾವಳಿ ಹೊತ್ತಿಗೇ ಸತ್ತಿತ್ತು. ಕಳೆದ ಸಲ ಶೆಲ್ಲು ಹೋದಾಗ ರಾಮಣ್ಣನವರ ಮಗ ಅನಿಲ್‌ಕುಮಾರ್ ಖಡಾಖಂಡಿತ ಹೇಳಿದ್ದ: “ಬೆವರು ಗಿವರು ಮುಟ್ಟಿಸಿ ಹಾಳ್ ಮಾಡ್ತಿದ್ದೀಯ. ಇನ್ನೊಂದ್ ಸಲ ಕೆಟ್ರೆ ಬರ್ಲೇಬೇಡ ಕಣಪ್ಪ.” ಆರು ತಿಂಗಳು ಖಾಲಿ ಕೂತು, ಹೆಂಡತಿ ಶಾಂತಿಯ ಗಾರ್ಮೆಂಟ್ಸ್ ಸಂಬಳದಲ್ಲಿ ಉಂಡ ಮೇಲೆ ಕೀರ್ತಿರಾಜನಿಗೆ ಸಿಕ್ಕಿದ್ದ ಕೆಲಸ ಅದು.

“ನೀರುಯ್ಯಬ್ಯಾಡಿ ಅಂತ ಏಳ್ಬುಡು” ಎಂದ ಮೋಹನ.

“ಯಾಕುಯ್ತಾರೆ ಅನ್ನದನ್ನೂ ಏಳ್ಬೇಕಾಯ್ತದೆ.”

ಮೋಹನ ಡ್ರಾಯರಿನಿಂದ ಒಂದು ಜಿಪ್ ಇರುವ ಪ್ಲಾಸ್ಟಿಕ್ ಕವರು ತೆಗೆದ. “ಇದ್ರೊಳಕ್ಕೆ ಆಕಿ ಮಡಗು. ಮ್ಯಾಲೆ ಎಷ್ಟ್ ಬೇಕೋ ಅಷ್ಟ್ ಉಯ್ಕಳ್ಲಿ. ತೀರ್ಥನೇ ಉಯ್ಕಳ್ಲಿ.”

ಅದು ಸೋಮವಾರ. ಸಂಜೆ ಕೀರ್ತಿರಾಜ್ ಕೀಯನ್ನು ಕವರಿಗೆ ಹಾಕಿ, ಜಿಪ್ಪನ್ನು ಎರಡು ಸಲ ಒತ್ತಿ ನೋಡಿ ಜಗಲಿಯ ಮೇಲಿಟ್ಟ.

“ಅಮ್ಮಾ, ಕೀಗೆ ನೀರು ಸೋಕಬಾರ್ದಂತೆ, ಅಂಗಡಿಯವ್ರು ಏಳುದ್ರು. ಕವರಿಂದ ತಗೀಬ್ಯಾಡಿ.”

“ಆಯ್ತೇಳಪ್ಪ. ಅಷ್ಟೂ ತಿಳ್ಯಾಕಿಲ್ವಾ ನಂಗೆ?” ಎಂದರು ದೊಡ್ಡತಾಯಮ್ಮ.

ಅವನು ಮನೆಗೆ ಹೊರಡದೆ ಕಾರಿನ ಗಾಜು ಒರೆಸುವ ನೆಪದಲ್ಲಿ ನಿಂತ. ಅವರು ಚೊಂಬು ತಂದು ಕವರಿನ ಮೇಲೆ ನೀರು ಸುರಿದರು. ನೀರು ಜಾರಿಹೋಯಿತು. ಕೀರ್ತಿರಾಜನಿಗೆ ಜೀವ ಬಂದಂತಾಯಿತು. ಆದರೆ ದೊಡ್ಡತಾಯಮ್ಮ ಕವರನ್ನು ಎತ್ತಿಕೊಂಡು ಹೋಗಲಿಲ್ಲ. ಅದನ್ನೇ ನೋಡುತ್ತಾ ನಿಂತರು. ಕೀಯನ್ನು ಕವರೊಳಕ್ಕೆ ಹಾಕಿದ್ದು ಅವನ ಕೈ. ಹಾಕಿದ ಮೇಲೆ ಮುಚ್ಚಿದೆ, ಒಳಗಿನದಕ್ಕೆ ನೀರು ಮುಟ್ಟಿಲ್ಲ. ಅವರು ಜಿಪ್ ಬಿಚ್ಚಿ ಕೀಯನ್ನು ಕಲ್ಲಿನ ಮೇಲೆ ಬೀಳಿಸಿದರು. ಕವರು ಮೋರಿಗೆ ಹೋಯಿತು. ಆ ಸಂಜೆ ಒಂದು ಚೊಂಬಿಗೆ ನಿಲ್ಲಿಸಲಿಲ್ಲ, ಎರಡು ಸುರಿದರು.

“ಅಮ್ಮಾ…” ಎಂದು ಕೀರ್ತಿರಾಜ್ ಒಂದು ಹೆಜ್ಜೆ ಮುಂದಿಟ್ಟ.

“ಏನಪ್ಪ?”

“ಏನಿಲ್ಲ ಬುಡಿ.”

ಮಂಗಳವಾರ ಬೆಳಿಗ್ಗೆ ಆರಕ್ಕೆ ಕಾರು ಏಳಲಿಲ್ಲ. ಗುಂಡಿ ಒತ್ತಿದರೆ ಬಾಗಿಲು ತೆರೆಯಲಿಲ್ಲ. ಕೀಯೊಳಗಿನ ಕಬ್ಬಿಣದ ಕಡ್ಡಿ ಎಳೆದು, ಬೀಗಕ್ಕೆ ಹಾಕಿ ತಿರುಗಿಸಿ ತೆರೆದ. ಶೆಲ್ಲು ಸತ್ತರೂ ಕೀಯನ್ನು ಸ್ಟಾರ್ಟ್ ಬಟನ್ನಿಗೆ ಒತ್ತಿ ಹಿಡಿದರೆ ಇಂಜಿನ್ ಏಳುತ್ತದೆ. ಒತ್ತಿ ಹಿಡಿದ. ಡ್ಯಾಶ್‌ಬೋರ್ಡಿನಲ್ಲಿ ಕೆಂಪು ದೀಪ ಮಿನುಗಿತು, ಅಷ್ಟೇ. ಕೀಯನ್ನು ಬಿಡಿಸಿ ಕೊಡವಿದಾಗ ಎರಡು ಹನಿ ನೀರು ಅವನ ಪ್ಯಾಂಟಿನ ಮೇಲೆ ಬಿತ್ತು.

ರಾಮಣ್ಣನವರು ಊದಿದ ಕಾಲು ಇಳಿಬಿಟ್ಟುಕೊಂಡು ಜಗಲಿಯಲ್ಲಿ ಕೂತಿದ್ದರು. ಅನಿಲ್‌ಕುಮಾರ್ ಬಾಯಲ್ಲಿ ಬ್ರಷ್ಷಿಟ್ಟುಕೊಂಡೇ ಹೊರಗೆ ಬಂದು, ವಿಷಯ ತಿಳಿದು, ಅಂಗಳಕ್ಕೆ ನೊರೆ ಉಗಿದ.

“ಏನ್ ಮಾಡ್ದೆ ಕೀನ?”

ಇದು ಹೀಗೇ ಆಗುವುದೆಂದು ರಾತ್ರಿಯೇ ಅನ್ನಿಸಿ ಕೀರ್ತಿರಾಜ್ ಒಂದು ಸುಳ್ಳು ಸಿದ್ಧಮಾಡಿಕೊಂಡಿದ್ದ. ಕೈಜಾರಿ ಬಕೆಟ್ಟಿಗೆ ಬಿತ್ತು, ತಪ್ಪಾಯ್ತಣ್ಣ. ಬೈಸಿಕೊಂಡು, ಕೈಮುಗಿದು, ಮುಂದಿನ ವಾರದ ಹೊತ್ತಿಗೆ ಎಲ್ಲ ತಣ್ಣಗಾಗಬಹುದಿತ್ತು. ಅದನ್ನೇ ಹೇಳಲು ಬಾಯಿ ತೆರೆದಿದ್ದ.

“ಇವರ ಕೈಗೆ ಒಳ್ಳೇ ವಸ್ತು ಕೊಟ್ರೆ ಇಂಗೇಯ” ಎಂದ ಅನಿಲ್‌ಕುಮಾರ್, ಅಪ್ಪನ ಕಡೆ ತಿರುಗಿ.

“ಅಮ್ಮ ತೊಳೀತಾರಣ್ಣ” ಎಂದ ಕೀರ್ತಿರಾಜ್. “ದಿನಾ ತೊಳೀತಾರೆ. ನಾನು ಮುಟ್ಟಿರದು ಅಂತ.”

ಡೈರಿಗೆ ಹಾಲು ಒಯ್ಯುತ್ತಿದ್ದ ಪಕ್ಕದ ಮನೆಯ ಬಸವಲಿಂಗಮ್ಮ ಗೇಟಿನ ಹತ್ತಿರ ನಿಂತುಬಿಟ್ಟಳು.

“ಶಿವನೇ, ನಾನೆಲ್ಲಿ ತೊಳುದೆ?” ದೊಡ್ಡತಾಯಮ್ಮ ಬಾಗಿಲಿಗೆ ಬಂದರು. “ದೇವರ ಪಕ್ಕ ನೇತಾಕದು ಅಂತ ಒಂದ್ ಚೂರು ಚಿಮುಕುಸ್ತೀನಿ. ಅದ್ಕೆ ಇಂಗಂದಾನೆ ಇವ್ನು?”

“ನಮ್ಮನೇಲಿ ಅದೆಲ್ಲಾ ಎಲ್ಲೈತ್ಲಾ?” ಅನಿಲ್‌ಕುಮಾರ್ ಕೂಗಿದ. “ನಿನ್ ಪಕ್ಕದ ಸೀಟಲ್ಲಿ ಕೂತ್ಕಂಡ್ ಓಗಲ್ವಾ ನಾನು? ಬೀದೀಲಿ ನಿಂತ್ಕಂಡು ಮಾನ ಕಳೀತೀಯಾ? ಕೇಸ್ ಆಕೋ ಪ್ಲಾನೇನ್ಲಾ?”

“ಸಾಕು” ಎಂದರು ರಾಮಣ್ಣ. “ಟ್ಯಾಕ್ಸಿಗೆ ಪೋನ್ ಮಾಡು.”

ಚನ್ನರಾಯಪಟ್ಟಣದಿಂದ ಟ್ಯಾಕ್ಸಿ ಬರಬೇಕಿತ್ತು. ಅಷ್ಟರಲ್ಲಿ ಬಸವಲಿಂಗಮ್ಮ ಡೈರಿಯ ಕಡೆ ಹೋಗಿಯಾಗಿತ್ತು. ಡೈರಿಯಲ್ಲಿ ಆ ಹೊತ್ತಿಗೆ ಊರಿನ ಅರ್ಧ ಜನ ಇರುತ್ತಾರೆ.

ಟ್ಯಾಕ್ಸಿ ಬಂದಾಗ ಅನಿಲ್‌ಕುಮಾರ್ ಅಪ್ಪನನ್ನು ಎಬ್ಬಿಸಲು ಎಡಗೈ ಹಿಡಿದೆಳೆದ. ಡಯಾಲಿಸಿಸ್ ಸೂಜಿ ಚುಚ್ಚುವ ಕೈ ಅದು. ರಾಮಣ್ಣ ಕಿರುಚಿಕೊಂಡರು. ಕೀರ್ತಿರಾಜ್ ಯೋಚಿಸಲೇ ಇಲ್ಲ. ಹೋಗಿ ಬಲಗಡೆಯಿಂದ ಹೆಗಲು ಕೊಟ್ಟ. ರಾಮಣ್ಣ ಎಂದಿನಂತೆ ಪೂರ್ತಿ ಭಾರ ಅವನ ಮೇಲೆ ಬಿಟ್ಟು ನಡೆದರು. ಅವರ ಬಾಯಿ ಅವನ ಕಿವಿಯ ಹತ್ತಿರವೇ ಇತ್ತು.

“ಕೈಜಾರಿ ಬಿತ್ತು ಅಂದಿದ್ರೆ ನಾಕ್ ಬೈದು ಉಳುಸ್ಕತಿದ್ದೆ ಕಣ್ಲಾ. ಈಗ ಎಂಗ್ ಇಟ್ಕಳ್ಲಿ?”

“ನಿಮ್ಗೆ ಗೊತ್ತಿತ್ತಾ ಗೌಡ್ರೇ?”

“ಗೊತ್ತಿಲ್ದೆ ಏನು” ಎಂದರು ರಾಮಣ್ಣ. “ನಾಳಿಂದ ಬರ್ಬೇಡ.”

ಅವನು ಅವರನ್ನು ಹಿಂದಿನ ಸೀಟಿನಲ್ಲಿ ಕೂರಿಸಿ, ಒಂದೊಂದೇ ಕಾಲು ಎತ್ತಿ ಒಳಗಿಟ್ಟು ಬಾಗಿಲು ಹಾಕಿದ. ಅನಿಲ್‌ಕುಮಾರ್ ಮುಂದೆ ಹತ್ತಿದ. ಟ್ಯಾಕ್ಸಿಯವನು ಎಳೆ ಹುಡುಗ, ಆಗಲೇ ಇಂಜಿನ್ ರೇಸ್ ಮಾಡುತ್ತಿದ್ದ. ಹೆದ್ದಾರಿ ಸೇರುವವರೆಗೆ ಒಂಬತ್ತು ಹಂಪ್ ಇವೆ, ಪ್ರತಿಯೊಂದರಲ್ಲೂ ಕಾರನ್ನು ಪೂರ್ತಿ ನಿಲ್ಲಿಸಿ ದಾಟಿಸಬೇಕು, ಇಲ್ಲದಿದ್ದರೆ ಯಜಮಾನರಿಗೆ ಪ್ರಾಣ ಹೋದಂತಾಗುತ್ತದೆ ಎಂದು ಕೀರ್ತಿರಾಜ್ ಅವನಿಗೆ ಹೇಳಬಹುದಿತ್ತು.

ಹೇಳಲಿಲ್ಲ.